ಮುಸ್ಸಂಜೆಗೆ ಕಯಾಕಿನಲ್ಲಿ ಕೂತು ಅಳಿವೆಯ ಹಕ್ಕಿಗಳ ಫೋಟೊ ತೆಗೆಯುವುದು ಹೇಗೆ?

ಕುಂಬ್ಳೆಕೂಸು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಕಡೆಯ ಕುಂಬಳೆ ಹತ್ತಿರದವಳು, ಕನ್ನಡ ಶಾಲೆಯಲ್ಲಿ ಟೀಚರ್. ಶಾಲೆ ಬಿಟ್ಟು ಮನೆಗೆ ಮುಟ್ಟುವಾಗ ಮುಕ್ಕಾಲು ಐದು ಆಗಿರುತ್ತದೆ. ಅಣ್ಣ ಗಲ್ಫಿಗೆ ಹೋಗುವಾಗ ಬಿಟ್ಟುಹೋದ ಒಂದು ಕಯಾಕು ಉಂಟು, ಒಬ್ಬರೇ ಮೇಲೆ ಕೂತು ಹುಟ್ಟು ಹಾಕಿ ಹೋಗುವಂಥ ಪುಟ್ಟ ದೋಣಿ. ಈ ಚಳಿಗಾಲ ಅದನ್ನು ಶಿರಿಯಾ ಹೊಳೆಗೆ ಇಳಿಸಿ ಅಳಿವೆ ಕಡೆಗೆ ಹೋಗಿ ಹಕ್ಕಿಗಳ ಫೋಟೊ ತೆಗೆಯುತ್ತಿದ್ದೇನೆ. ಕ್ಯಾಮೆರಾ ನಿಕಾನ್ ಡಿ7500, ಲೆನ್ಸು 200-500.

ನನಗೆ ಸಿಗುವ ಹೊತ್ತೇ ಐದೂಕಾಲಿನಿಂದ ಕತ್ತಲಾಗುವವರೆಗೆ. ಬೆಳ್ಳಕ್ಕಿ, ಬೂದು ಬಕ, ವಿಂಬ್ರೆಲ್, ರೆಡ್‌ಶ್ಯಾಂಕ್, ಸಣ್ಣ ಪ್ಲವರುಗಳ ಗುಂಪು, ಎಲ್ಲ ಆ ಹೊತ್ತಿಗೇ ಕೆಸರಿನ ಮೇಲೆ ಓಡಾಡುತ್ತಿರುತ್ತವೆ. ಸೂರ್ಯ ಮುಳುಗಿದ ಮೇಲಿನ ಬೆಳಕು ನನಗೆ ಬಹಳ ಇಷ್ಟ. ಹೊಳೆಗೆಲ್ಲ ನೇರಳೆ ಬಣ್ಣ ಬರುತ್ತದಲ್ಲ, ಅದು. ಆದರೆ ಆಗ ತೆಗೆದ ಪಟಗಳಲ್ಲಿ ಹಕ್ಕಿಯ ಕಣ್ಣು ಚೂಪಾಗಿ ಬರುವುದು ಅಪರೂಪ. ಶಟರ್ ಸೆಕೆಂಡಿನ 1/1000 ಇಟ್ಟರೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಮಟ್ಟ, ಎಲ್ಲೋ ಹೋಗುತ್ತದೆ, ಇಳಿಸಿದರೆ ಅಲುಗಾಡುತ್ತದೆ. ಟ್ರೈಪಾಡು ಕಯಾಕಿನಲ್ಲಿ ನಿಲ್ಲುವುದಿಲ್ಲ. ಬೆಳ್ಳಕ್ಕಿಯನ್ನು ತೆಗೆದರೆ ಗರಿಯ ಗೆರೆಗಳೆಲ್ಲ ಅಳಿಸಿ ಬರೀ ಬಿಳಿ ಕಾಣುತ್ತದೆ, ಪಕ್ಕದಲ್ಲೇ ಇರುವ ಕಪ್ಪು ರೀಫ್ ಹೆರಾನ್ ತೆಗೆದರೆ ಬರೀ ನೆರಳು. ಇನ್ನೊಂದು, ಬೆಳ್ಳಕ್ಕಿ ಹತ್ತಿರ ಬಿಟ್ಟುಕೊಳ್ಳುತ್ತದೆ, ಆದರೆ ವಿಂಬ್ರೆಲ್ಲು, ರೆಡ್‌ಶ್ಯಾಂಕು ದೂರದಿಂದಲೇ ಹಾರುತ್ತವೆ. ಅವುಗಳಿಗೆ ತೊಂದರೆ ಕೊಟ್ಟು ಪಟ ತೆಗೆಯುವ ಆಸೆ ನನಗಿಲ್ಲ.

ಹೊಸ ಲೆನ್ಸು ತೆಗೆದುಕೊಳ್ಳಿ ಎನ್ನಬೇಡಿ ದಯವಿಟ್ಟು. ಇರುವುದರಲ್ಲೇ ಏನು ಮಾಡಬಹುದು? ಕಯಾಕಿನಲ್ಲಿ ಕೂತು ತೆಗೆದು ಅನುಭವ ಇರುವವರು ಹೇಳಿದರೆ ಉಪಕಾರ.

---

ಕಡವಿನಮನೆ ಬರೆದದ್ದು:

ಟೀಚರೇ, ಕ್ಯಾಮೆರಾದ ವಿಷಯ ಆಮೇಲೆ ಮಾತಾಡೋಣ. ನೀವು ಹೊಳೆಗೆ ಇಳಿಯುವ ದಿನ ಯಾವುದೆಂದು ಹೇಗೆ ಆರಿಸುತ್ತೀರಿ? ರಜೆ ಯಾವಾಗ, ಮೋಡ ಇಲ್ಲದ್ದು ಯಾವಾಗ ಎಂದು ನೋಡಿಯಾದರೆ ಅದನ್ನು ಬಿಡಿ. ಭರತ-ಇಳಿತ ನೋಡಿ ದಿನ ಆರಿಸಿ. ನೀವು ಕೇಳಿದ್ದರಲ್ಲಿ ಅರ್ಧಕ್ಕರ್ಧ ಅಲ್ಲೇ ಸರಿಯಾಗುತ್ತದೆ.

ನಮ್ಮದು ಹಿಂದೆ ಕಡವು ದಾಟಿಸುತ್ತಿದ್ದ ಮನೆ. ಸೇತುವೆ ಬಂದ ಮೇಲೆ ಆ ಕೆಲಸ ನಿಂತಿತು, ನೀರು ನೋಡುವ ಅಭ್ಯಾಸ ನಿಲ್ಲಲಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಸುತ್ತು ಮುಗಿಯಲು 24 ಗಂಟೆ 50 ನಿಮಿಷ ಹಿಡಿಯುವುದರಿಂದ ಇವತ್ತು ನಾಲ್ಕಕ್ಕೆ ಇಳಿತ ಮುಗಿದರೆ ನಾಳೆ ಮುಗಿಯುವುದು ಹತ್ತಿರ ಹತ್ತಿರ ಐದಕ್ಕೆ. ಹೀಗೆ ಪ್ರತಿ ಎರಡು ವಾರಕ್ಕೊಮ್ಮೆ ಕೆಲವು ಸಂಜೆಗಳು ನಿಮ್ಮ ಹೊತ್ತಿಗೆ ಸರಿಯಾಗಿ ಕೂಡಿ ಬರುತ್ತವೆ. ಮಂಗಳೂರಿನ ಪಟ್ಟಿ ಫೋನಿನಲ್ಲೇ ಸಿಗುತ್ತದೆ, ಅದನ್ನು ನೋಡಿದರೆ ಸಾಕು. ಹೊಳೆಯ ಒಳಗೆ ನೀರು ತಿರುಗುವುದು ಪಟ್ಟಿಯ ಹೊತ್ತಿಗಿಂತ ತಡ. ಎಷ್ಟು ತಡ ಎಂಬುದನ್ನು ದಡದ ಒಂದು ಕಲ್ಲು ಗುರುತಿಟ್ಟುಕೊಂಡು ನೀವೇ ತಿಳಿದುಕೊಳ್ಳಬೇಕು.

ನಿಮಗೆ ಬೇಕಾದ್ದು ಇಳಿತ ನಾಲ್ಕು, ನಾಲ್ಕೂವರೆಗೆ ಮುಗಿದು ಸೂರ್ಯ ಮುಳುಗುವ ಹೊತ್ತಿಗೆ ಭರತ ಏರುತ್ತಿರುವ ಸಂಜೆ. ಯಾಕೆಂದರೆ ಇಳಿತದಲ್ಲಿ ಕೆಸರು ಅಗಲಕ್ಕೆ ಬಿಚ್ಚಿಕೊಂಡು ಹಕ್ಕಿಗಳು ಚದುರಿರುತ್ತವೆ, ನೀವು ಇರುವ ಕಾಲುವೆಯಿಂದ ದೂರ. ನೀರು ಏರತೊಡಗಿದಾಗ ಕೆಸರಿನ ಅಂಚು ಸಣ್ಣದಾಗುತ್ತ ಬರುತ್ತದೆ. ಹಕ್ಕಿಗಳು ಆ ಅಂಚನ್ನೇ ಹಿಡಿದು ನಡೆಯುತ್ತವೆ. ಹುಳ, ಸಿಗಡಿ, ಏಡಿ ಮೇಲೆ ಬರುವುದು ಅಲ್ಲೇ ಅಲ್ಲವಾ. ನೀವು ಒಂದು ಕಡೆ ಸುಮ್ಮನೆ ಕೂತರೆ ಅವುಗಳೇ ನಿಮ್ಮ ಕಡೆಗೆ ಬರುತ್ತವೆ. ನೀವು ಹಕ್ಕಿಯ ಹತ್ತಿರ ಹೋಗುವುದಕ್ಕೂ ಹಕ್ಕಿ ನಿಮ್ಮ ಹತ್ತಿರ ಬರುವುದಕ್ಕೂ ಪಟದಲ್ಲಿ ಆಗುವ ವ್ಯತ್ಯಾಸ ದೊಡ್ಡದು. ತಾನಾಗಿ ಬಂದ ಹಕ್ಕಿ ಮೇಯುತ್ತಿರುತ್ತದೆ, ನೀವು ಹೋದದ್ದಾದರೆ ಕತ್ತು ನಿಗುರಿಸಿ ನಿಮ್ಮನ್ನೇ ನೋಡುತ್ತಿರುತ್ತದೆ.

ಭರತದ ಸಂಜೆ ಆರಿಸಲು ಇನ್ನೂ ಒಂದು ಕಾರಣ ಉಂಟು, ಅದು ಜೀವದ್ದು. ಇಳಿತದ ನೀರು ಅಳಿವೆ ಬಾಯಿಗೆ ಎಳೆಯುತ್ತದೆ. ಕಣ್ಣು ವ್ಯೂಫೈಂಡರಿನಲ್ಲಿ, ಎರಡೂ ಕೈ ಲೆನ್ಸಿನ ಮೇಲೆ, ಹುಟ್ಟು ತೊಡೆಯ ಮೇಲೆ ಇರುವಾಗ ಎಷ್ಟು ದೂರ ಸರಿದಿರಿ ಎಂದು ತಿಳಿಯುವುದೇ ಇಲ್ಲ. ಬಾಯಿಯಲ್ಲಿ ಹೊಳೆನೀರು ಸಮುದ್ರದ ಅಲೆಗೆ ಎದುರಾಗುವ ಕಡೆ ಕಯಾಕು ಮಗುಚುವುದಕ್ಕೆ ಹೊತ್ತು ಬೇಡ. ಭರತದಲ್ಲಿ ಸರಿದರೆ ಮೂಡಣಕ್ಕೆ, ಊರಿನ ಕಡೆಗೆ ಸರಿಯುತ್ತೀರಿ. ಇಳಿತದ ಮುಸ್ಸಂಜೆಗೆ ಒಬ್ಬರೇ ಅಳಿವೆ ಬಾಯಿಯ ಹತ್ತಿರ ಹೋಗಲೇಬೇಡಿ, ಎಂಥ ಹಕ್ಕಿ ಬಂದಿದ್ದರೂ.

ಇನ್ನು ಯಾವ ಬದಿಯಲ್ಲಿ ಕೂರುವುದು. ನಮ್ಮ ಹೊಳೆಗಳ ರೂಪ ನಿಮಗೆ ಗೊತ್ತುಂಟು. ಸಮುದ್ರ ಕಣ್ಣಿಗೆ ಕಂಡ ಮೇಲೂ ಹೊಳೆ ನೇರ ಹೋಗಿ ಸೇರುವುದಿಲ್ಲ, ಮರಳಿನ ದಿಬ್ಬದ ಹಿಂದೆ ತೀರಕ್ಕೆ ಸಮಾನವಾಗಿ ಸ್ವಲ್ಪ ದೂರ ಹರಿದು ಆಮೇಲೆ ಬಾಯಿ ಬಿಡುತ್ತದೆ. ಕುಂಬಳೆಯಲ್ಲಿ ಕೊಯಿಪ್ಪಾಡಿ ಕಡಪ್ಪುರದ ಆ ಪಟ್ಟಿ ಇದೆಯಲ್ಲ, ಹಾಗೆ. ಹೆಚ್ಚಿನವರು ಊರಿನ ಬದಿಯಿಂದ ಇಳಿದು ಪಡುವಣಕ್ಕೆ ಮುಖ ಮಾಡಿ ತೆಗೆಯುತ್ತಾರೆ. ಹಕ್ಕಿಯ ಹಿಂದೆ ಸೂರ್ಯ, ಹಾಗಾಗಿ ಕರಿ ಆಕೃತಿ ಮಾತ್ರ. ಅದೂ ಚಂದವೇ, ಬೇಡವೆನ್ನುವುದಿಲ್ಲ. ಆದರೆ ನಿಮಗೆ ಕಣ್ಣು ಬೇಕು, ಗರಿ ಬೇಕು. ಹಾಗಿದ್ದರೆ ದಿಬ್ಬದ ಬದಿಗೆ ದಾಟಿ ಬೆನ್ನಿಗೆ ಸಮುದ್ರ ಮಾಡಿ ಮೂಡಣಕ್ಕೆ ನೋಡಿ. ಸೂರ್ಯ ಮುಳುಗಿದ ಮೇಲೂ ಪಡುವಣದ ಆಕಾಶ ಪೂರ್ತಿ ಒಂದು ದೊಡ್ಡ ದೀಪವಾಗಿ ಹಕ್ಕಿಯ ಮುಖಕ್ಕೆ ಬೆಳಕು ಕೊಡುತ್ತಿರುತ್ತದೆ. ಹಿಂದೆ ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಪ್ಪು ಹಸಿರು, ಅದರ ಮೇಲೆ ತೆಂಗಿನ ತೋಟ. ನೀವು ಹೇಳಿದ ನೇರಳೆ ಬಣ್ಣ ನೀರಿನಲ್ಲಿ ಅತಿ ಹೆಚ್ಚು ಇರುವುದೂ ಆ ದಿಕ್ಕಿನಲ್ಲೇ, ನೋಡಿ.

ಇನ್ನು ಅಲುಗಾಟ. ಕಯಾಕನ್ನು ತೇಲಲು ಬಿಟ್ಟು ಶಟರ್ ಎಷ್ಟೇ ಇಟ್ಟರೂ ಕತ್ತಲಲ್ಲಿ ಸಾಲುವುದಿಲ್ಲ. ಕಯಾಕನ್ನೇ ನಿಲ್ಲಿಸಬೇಕು. ದಿಬ್ಬದ ಅಂಚಿನಲ್ಲಿ ಗಟ್ಟಿ ಮರಳು ಇರುವ ಕಡೆ ಹಿಂತುದಿಯನ್ನು ಒಂದು ಗೇಣು ಮೇಲಕ್ಕೆ ತಾಗಿಸಿ, ಅಷ್ಟೇ. ನೀವು ಕೂತ ಭಾಗ ನೀರಿನಲ್ಲೇ ಇರಲಿ. ಮರಳು ಸಿಗದಿದ್ದರೆ ಒಂದು ಬಿದಿರಿನ ಕೋಲು ಒಯ್ಯಿರಿ, ನಿಮ್ಮ ಎತ್ತರಕ್ಕಿಂತ ಸ್ವಲ್ಪ ಉದ್ದದ್ದು. ಕೆಸರಿಗೆ ಊರಿ, ಪಕ್ಕದ ಹಿಡಿಗೆ ಸಡಿಲ ಕುಣಿಕೆ ಹಾಕಿ. ಎಳೆದರೆ ಬಿಚ್ಚುವಂಥ ಕುಣಿಕೆ, ಗಂಟು ಬೇಡ. ಮರುವಾಯಿ (ಕೆಸರಿನ ಚಿಪ್ಪುಜೀವಿ) ಹೆಕ್ಕುವವರು ದೋಣಿ ನಿಲ್ಲಿಸುವುದು ಹೀಗೇ, ನೋಡಿರಬಹುದು. ಆ ಹೆಂಗಸರನ್ನೇ ಕೇಳಿದರೆ ಎಲ್ಲಿ ಗಟ್ಟಿ ನೆಲ, ಎಲ್ಲಿ ಸೊಂಟದವರೆಗೆ ಹೂತುಹೋಗುವ ಕೆಸರು ಎಂದೂ ಹೇಳುತ್ತಾರೆ. ಕೆಸರಿನಲ್ಲಿ ಕಯಾಕಿನಿಂದ ಕಾಲು ಕೆಳಗೆ ಇಡಬೇಡಿ.

ಮೂತಿ ಹಕ್ಕಿಯ ದಿಕ್ಕಿಗೇ ಇರಲಿ. ಪಕ್ಕಕ್ಕೆ ತಿರುಗಿ ತೆಗೆದರೆ ಸೊಂಟ ತಿರುಚಿದ ಹಾಗೆ ಕಯಾಕೂ ವಾಲುತ್ತದೆ. ಮೊಣಕಾಲು ಎರಡೂ ಮೇಲೆತ್ತಿ, ಅದರ ಒಳಬದಿಗೆ ಮೊಣಕೈ ಊರಿ. 200-500 ಎಂದರೆ ಲೆನ್ಸೇ 2.3 ಕಿಲೊ, ಅದನ್ನು ಕೈಯಲ್ಲೇ ಎತ್ತಿಹಿಡಿದು ಐದು ನಿಮಿಷ ಕಾದರೆ ತೋಳು ನಡುಗತೊಡಗುತ್ತದೆ. ಎದೆಯ ಮುಂದೆ ಸಣ್ಣ ಡ್ರೈ ಬ್ಯಾಗಿಗೆ (ನೀರು ಹೋಗದ ಚೀಲ) ಗಾಳಿ ತುಂಬಿಸಿ ಇಟ್ಟುಕೊಂಡು ಅದರ ಮೇಲೆ ಲೆನ್ಸು ಒರಗಿಸಿ. ಸಮುದ್ರದ ಗಾಳಿಯೂ ಹೊತ್ತು ಮುಳುಗುತ್ತಿದ್ದ ಹಾಗೆ ಬೀಳುತ್ತದೆ. ಐದು ಗಂಟೆಗೆ ಇದ್ದ ಪುಟ್ಟ ಅಲೆಗಳು ಆರೂಕಾಲಿಗೆ ಇರುವುದಿಲ್ಲ.

ಇಷ್ಟಾದ ಮೇಲೆ ಶಟರ್. ನಿಂತ ಕಯಾಕಿನಲ್ಲಿ, ವಿಆರ್ (ಲೆನ್ಸಿನ ಅಲುಗಾಟ ತಡೆ) ನಾರ್ಮಲ್ ಇಟ್ಟು, ನಿಂತ ಹಕ್ಕಿಗೆ 1/200 ಸಾಕು. ಕತ್ತಲು ಹೆಚ್ಚಾದಂತೆ 1/125ಕ್ಕೂ ಹೋಗಬಹುದು. ನಡೆಯುವ ಹಕ್ಕಿಗೆ 1/500 ಬೇಕು, ಹಾರುವುದಕ್ಕೆ 1/1600. ಹಾರುವುದನ್ನು ಸೂರ್ಯ ಇರುವಾಗಲೇ ಮುಗಿಸಿಬಿಡಿ, ಆಮೇಲೆ ಅದರ ಹಿಂದೆ ಹೋಗಬೇಡಿ. ಮ್ಯಾನುಯಲ್ ಮೋಡಿನಲ್ಲಿ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) 5.6, ಶಟರ್ ನಿಮ್ಮ ಕೈಯಲ್ಲಿ, ಐಎಸ್‌ಒ ಆಟೋ, ಮೇಲಿನ ಮಿತಿ 6400. ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಎಂಟು ತೆಗೆಯುತ್ತದೆ. ಐದಾರರ ಒಂದೊಂದು ಕಂತು ತೆಗೆಯಿರಿ. ಗುಂಡಿ ಒತ್ತುವಾಗ ಕೈ ಸ್ವಲ್ಪ ಅಲುಗುವುದರಿಂದ ಮೊದಲನೆಯದು ಹಾಳಾಗುತ್ತದೆ, ಮೂರನೆಯದೋ ನಾಲ್ಕನೆಯದೋ ಚೂಪಾಗಿರುತ್ತದೆ. ಹಕ್ಕಿ ಹತ್ತಿರ ಬಂದಿದ್ದರೆ 500ರಲ್ಲೇ ಇರಬೇಕೆಂದೇನೂ ಇಲ್ಲ. 300-350ಕ್ಕೆ ಇಳಿಸಿದರೆ ಅಲುಗಾಟವೂ ಕಡಿಮೆ, ಸುತ್ತಲಿನ ನೀರೂ ಪಟದಲ್ಲಿ ಬರುತ್ತದೆ. ಮುಸ್ಸಂಜೆಯ ಪಟದಲ್ಲಿ ಆ ನೀರೇ ಮುಖ್ಯ ಎನ್ನುವವನು ನಾನು.

ಹೊತ್ತಿನ ಲೆಕ್ಕವನ್ನೂ ಇಟ್ಟುಕೊಳ್ಳಿ. ನಮ್ಮ ಕಡೆ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುತ್ತಾನೆ. ಮುಳುಗಿ ಸುಮಾರು 22 ನಿಮಿಷಕ್ಕೆ ಆರು ಡಿಗ್ರಿ ಕೆಳಗೆ ಹೋಗಿಬಿಡುತ್ತಾನೆ. ಹಿಮದ ದೇಶದವರು ಸಂಜೆಗತ್ತಲಲ್ಲಿ ಒಂದು ಗಂಟೆ ತೆಗೆದೆವು ಎಂದು ಬರೆದದ್ದನ್ನು ಓದಿ ನಂಬಬೇಡಿ. ಮುಳುಗಿದ ಮೊದಲ ಕೆಲವು ನಿಮಿಷ ಮಾತ್ರ ಐಎಸ್‌ಒ 3200ರಲ್ಲಿ 1/250 ಸಿಗುತ್ತದೆ. ಅದಾದ ಮೇಲೆ ಪ್ರತಿ ಮೂರ್ನಾಲ್ಕು ನಿಮಿಷಕ್ಕೆ ಬೆಳಕು ಅರ್ಧಕ್ಕರ್ಧ ಇಳಿಯುತ್ತ ಹೋಗುತ್ತದೆ.

ಬೆಳ್ಳಕ್ಕಿಗೆ ಡಿ7500ರಲ್ಲಿ ಹೈಲೈಟ್-ವೇಟೆಡ್ ಮೀಟರಿಂಗ್ ಎಂಬ ಬೆಳಕು ಅಳೆಯುವ ಕ್ರಮ ಉಂಟು, ಅದನ್ನು ಹಾಕಿ. ಕಪ್ಪು ನೀರನ್ನು ನೋಡಿ ಮೋಸಹೋಗದೆ ಬಿಳಿ ಗರಿಯನ್ನೇ ಅಳೆಯುತ್ತದೆ. ಮಾಮೂಲು ಮೀಟರಿಂಗಿನಲ್ಲೇ ಇರುವುದಾದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಪಟದ ಬೆಳಕು ಏರಿಸಿ ಇಳಿಸುವುದು) ಮೈನಸ್ ಒಂದು. ರೀಫ್ ಹೆರಾನಿಗೆ ತಿರುಗುವಾಗ ಹೈಲೈಟ್ ತೆಗೆದು ಪ್ಲಸ್ 0.7. ಎರಡೂ ಒಂದೇ ಚೌಕಟ್ಟಿನಲ್ಲಿ ಇದ್ದರೆ ಬಿಳಿಯನ್ನು ಉಳಿಸಿಕೊಳ್ಳಿ. ಕಪ್ಪನ್ನು ರಾ ಫೈಲಿನಿಂದ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಪಟ) ಎತ್ತಬಹುದು, ಹೋದ ಬಿಳಿ ಹೋದಂತೆಯೇ.

ಕೊನೆಗೆ, ಗುಂಡಿ ಯಾವಾಗ ಒತ್ತುವುದು ಎಂಬುದನ್ನು ಹಕ್ಕಿಯೇ ಕಲಿಸುತ್ತದೆ. ವಿಂಬ್ರೆಲ್ಲನ್ನು ಬಿಡದೆ ನೋಡಿ. ನಾಲ್ಕೈದು ಹೆಜ್ಜೆ ವೇಗವಾಗಿ ಇಟ್ಟು ಒಂದು ಏಡಿಯ ಬಿಲದ ಎದುರು ನಿಲ್ಲುತ್ತದೆ. ತಲೆ ಒಂದು ಬದಿಗೆ ವಾಲಿಸುತ್ತದೆ, ನೆತ್ತಿಯ ಎರಡು ಕಪ್ಪು ಪಟ್ಟಿ ಆಗ ನಿಮಗೆ ಸರಿಯಾಗಿ ಕಾಣುತ್ತದೆ. ಬಾಗಿದ ಕೊಕ್ಕನ್ನು ಬಿಲದ ತಿರುವಿಗೆ ಸರಿಯಾಗಿ ತಿರುಗಿಸಿ ಕಣ್ಣಿನವರೆಗೂ ಇಳಿಸುತ್ತದೆ, ಬಾವಿಯಿಂದ ಕೊಡಪಾನ ಎಳೆದ ಹಾಗೆ ಒಂದೇ ಸಮನೆ ಮೇಲಕ್ಕೆ ತೆಗೆಯುತ್ತದೆ. ಏಡಿಯ ಕಾಲು ಹಿಡಿದು ಕೊಡಹುತ್ತದೆ, ಕಾಲುಗಳು ಒಂದೊಂದೇ ಉದುರುತ್ತವೆ, ಆಮೇಲೆ ನುಂಗುತ್ತದೆ. ಇದರಲ್ಲಿ ತಲೆ ವಾಲಿಸಿ ನಿಂತ ಆ ಒಂದು ಗಳಿಗೆ ಉಂಟಲ್ಲ, ಆಗ 1/125 ಕೂಡ ಸಾಕು. ರೀಫ್ ಹೆರಾನ್ ಹಾಗಲ್ಲ. ಅದು ಒಂದು ಕಾಲನ್ನು ಕೆಸರಿನಲ್ಲಿ ಆಡಿಸಿ ಮೀನನ್ನು ಎಬ್ಬಿಸುತ್ತದೆ. ಕಾಲು ನಿಂತು ಕುತ್ತಿಗೆ ಹಿಂದಕ್ಕೆ ಹೋದರೆ ಈಟಿ ಬೀಳುವುದು ಇನ್ನು ಕ್ಷಣದ ಮಾತು. ಹಿಂದಕ್ಕೆ ಹೋದಾಗ ಒತ್ತಿ, ಹೊಡೆಯುವಾಗ ಒತ್ತಿದರೆ ತಡವಾಯಿತು.

ವಾಪಸು ಬರುವಾಗ ಕತ್ತಲೆಯೇ. ಹಣೆಗೆ ಟಾರ್ಚು, ಜೊತೆಗೆ ಕೈಯಲ್ಲೊಂದು ಬಿಳಿ ಬೆಳಕಿನ ಟಾರ್ಚು. ಹುಟ್ಟು ಹಾಕುವ ದೋಣಿಯವರು ಡಿಕ್ಕಿ ತಪ್ಪಿಸಲು ಬಿಳಿ ದೀಪ ಕೈಗೆಟುಕುವಂತೆ ಇಟ್ಟುಕೊಂಡಿರಬೇಕು ಎಂದು 1972ರ ಅಂತರರಾಷ್ಟ್ರೀಯ ನೌಕಾ ನಿಯಮದಲ್ಲೇ ಹೇಳಿದೆ, 25ನೇ ನಿಯಮ. ಮೀನಿಗೆ ಹೋಗುವ ಇಂಜಿನ್ ದೋಣಿಯವರಿಗೆ ನೀರಿಗಂಟಿಕೊಂಡಿರುವ ಕಯಾಕು ಕಾಣುವುದೇ ಇಲ್ಲ. ಲೈಫ್ ಜಾಕೆಟಿನ ವಿಷಯ ಹೇಳುವುದೇ ಬೇಡ ತಾನೆ?

---

ಪಡನ್ನಗಾಳಿ ಬರೆದದ್ದು:

ಕಡವಿನಮನೆಯವರು ಹೇಳಿದ ಮೇಲೆ ನೀರಿನ ವಿಷಯಕ್ಕೆ ನಾನು ಸೇರಿಸುವುದು ಹೆಚ್ಚಿಲ್ಲ. ನಾನು ಮೂಲತಃ ಮಂಜೇಶ್ವರದವನು, ಕೆಲಸಕ್ಕಾಗಿ ನೀಲೇಶ್ವರದಲ್ಲಿದ್ದೇನೆ. ಕಯಾಕು ಹಾಕುವುದು ಪಡನ್ನ, ವಲಿಯಪರಂಬ ಹಿನ್ನೀರಿನಲ್ಲಿ. ಟೀಚರ್ ಯಾವಾಗಲಾದರೂ ಈ ಕಡೆ ಬರುವುದಾದರೆ ಒಂದು ಎಚ್ಚರಿಕೆ: ಇಲ್ಲಿ ನೀರಿನಲ್ಲಿ ಬಿದಿರಿನ ಚಪ್ಪರ ಕಟ್ಟಿ ಹಗ್ಗ ಇಳಿಸಿ ಕಲ್ಲುಮ್ಮಕಾಯಿ (ತಿನ್ನುವ ಚಿಪ್ಪುಜೀವಿ) ಬೆಳೆಸುತ್ತಾರೆ. ಭರತದಲ್ಲಿ ಆ ಬಿದಿರು ನೀರಿನ ಮಟ್ಟಕ್ಕೇ ಇರುತ್ತದೆ, ಕತ್ತಲಲ್ಲಿ ಕಯಾಕು ನೇರ ಹೋಗಿ ಹೊಕ್ಕುಬಿಡುತ್ತದೆ. ಅದು ಜನರ ಬದುಕು. ಹಗ್ಗಕ್ಕೆ ಕೈ ಹಾಕುವುದು, ಗೂಟಕ್ಕೆ ಕಯಾಕು ಕಟ್ಟುವುದು ಮಾಡಬಾರದು. ಆದರೆ ದೂರದಿಂದ ನೋಡಿದರೆ ಅದೇ ಗೂಟಗಳ ಮೇಲೆ ಸಂಜೆಗೆ ನೀರುಕಾಗೆ, ರೀವ (ಟರ್ನ್), ಬೆಳ್ಳಕ್ಕಿ ಸಾಲು ಸಾಲಾಗಿ ಕೂರುತ್ತವೆ, ಮತ್ತು ಅವು ಅಲುಗುವುದಿಲ್ಲ. 1/60ರಲ್ಲೂ ಪಟ ಬರುತ್ತದೆ.

ಉಪ್ಪಿನ ವಿಷಯ ಯಾರೂ ಹೇಳಲಿಲ್ಲ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಲೆನ್ಸಿನ ಮೈ, ಕ್ಯಾಮೆರಾದ ಗುಂಡಿಗಳ ಸುತ್ತ ಒರೆಸಿ, ಆಮೇಲೆ ಒಣ ಬಟ್ಟೆ. ಒಣ ಬಟ್ಟೆಯಿಂದಲೇ ಶುರು ಮಾಡಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಮುಂಭಾಗದ ಗಾಜಿಗೆ ಮೊದಲು ಊದುಗ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡದಿದ್ದರೆ ನಮ್ಮ ಹವೆಗೆ ಲೆನ್ಸಿನೊಳಗೆ ಬೂಷ್ಟು ಬಂದೇ ಬರುತ್ತದೆ. ಡ್ರೈ ಬ್ಯಾಗಿನ ಬಾಯಿಯನ್ನು ಮೂರು ಸುತ್ತಾದರೂ ಮಡಚಿಯೇ ಕೊಂಡಿ ಹಾಕಿ. ಲೆನ್ಸು ಬದಲಾಯಿಸುವುದು, ಬ್ಯಾಟರಿ ಬದಲಾಯಿಸುವುದು ಎಲ್ಲ ದಡದಲ್ಲೇ ಮುಗಿಯಲಿ.

---

ಹಕ್ಕಿಲೆಕ್ಕ ಬರೆದದ್ದು:

ತೊಂದರೆ ಕೊಟ್ಟು ಪಟ ತೆಗೆಯುವ ಆಸೆ ಇಲ್ಲ ಎಂದು ಟೀಚರೇ ಬರೆದದ್ದು ಓದಿ ಬಹಳ ಸಮಾಧಾನ ಆಯಿತು. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಬೆಳಕು, ಶಟರ್ ನನಗೆ ಅಷ್ಟು ತಿಳಿಯದು. ಹಕ್ಕಿ ಎಣಿಸುವವಳು ನಾನು.

ಮುಸ್ಸಂಜೆಗೆ ಅಳಿವೆಯಲ್ಲಿ ಎರಡು ಬಗೆಯ ಹಕ್ಕಿಗಳು ಇರುತ್ತವೆ, ಎರಡನ್ನೂ ಒಂದೇ ಎಂದುಕೊಳ್ಳಬಾರದು. ಬೆಳ್ಳಕ್ಕಿ, ಕೊಳದ ಬಕ, ನೀರುಕಾಗೆಗಳಿಗೆ ಅದು ಮನೆಗೆ ಮರಳುವ ಹೊತ್ತು. ಕಾಂಡ್ಲಾ ಗಿಡಗಳ ಮೇಲೆ, ಹೊಳೆ ನಡುವಿನ ಕುದ್ರಿನ (ಸಣ್ಣ ದ್ವೀಪದ) ಮರಗಳ ಮೇಲೆ ಸೇರುತ್ತವೆ. ಅಲ್ಲಿ ಕಯಾಕು ಹೋಗಲೇಬಾರದು. ಕತ್ತಲಾಗುವಾಗ ಎಬ್ಬಿಸಿದರೆ ಅವುಗಳಿಗೆ ಬೇರೆ ಜಾಗ ಹುಡುಕಲು ಬೆಳಕೇ ಇರುವುದಿಲ್ಲ. ರೆಡ್‌ಶ್ಯಾಂಕು, ಪ್ಲವರು, ವಿಂಬ್ರೆಲ್ಲುಗಳು ಹಾಗಲ್ಲ. ಅವುಗಳ ಗಡಿಯಾರ ನೀರಿನದ್ದು, ಸೂರ್ಯನದ್ದಲ್ಲ. ಇಳಿತ ರಾತ್ರಿ ಬಿದ್ದರೆ ರಾತ್ರಿಯೂ ಮೇಯುತ್ತವೆ. ಸಂಜೆಯ ಒಂದು ಗಂಟೆ ನೀವು ಅವುಗಳನ್ನು ಹಾರಿಸುತ್ತಿದ್ದರೆ ಅದು ಅವುಗಳ ಊಟದ ಹೊತ್ತಿನಿಂದ ಹೋಗುವ ಒಂದು ಗಂಟೆ. ಅದರಲ್ಲೂ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅವು ಸಾವಿರಾರು ಕಿಲೋಮೀಟರ್ ಬಡಗಣಕ್ಕೆ ಹಾರಲು ಮೈಯಲ್ಲಿ ಕೊಬ್ಬು ತುಂಬಿಸಿಕೊಳ್ಳುತ್ತಿರುತ್ತವೆ. ಆಗ ಇನ್ನೂ ದೂರವೇ ಇರಿ.

ಎಷ್ಟು ದೂರ ಎಂದು ಮೀಟರಿನಲ್ಲಿ ಹೇಳುವುದು ಸರಿಯಲ್ಲ, ಹಕ್ಕಿಯೇ ಹೇಳುತ್ತದೆ. ಮೇಯುವುದು ನಿಲ್ಲಿಸಿ ಕತ್ತು ಎತ್ತಿತೇ, ನೀವೂ ನಿಲ್ಲಿ. ರೆಡ್‌ಶ್ಯಾಂಕ್ ತಲೆಯನ್ನು ಮೇಲೆ ಕೆಳಗೆ ಕುಲುಕಿಸತೊಡಗಿದರೆ ಮುಂದಿನದು ಕೂಗು, ಅದು ಕೂಗಿದರೆ ಇಡೀ ಕೆಸರಿನ ಹಕ್ಕಿಗಳೆಲ್ಲ ಏಳುತ್ತವೆ. ಗುಂಪು ಪೂರ್ತಿ ಒಂದೇ ದಿಕ್ಕಿಗೆ ನಡೆಯತೊಡಗಿದರೆ ಅವು ನಿಮ್ಮಿಂದ ದೂರ ಹೋಗುತ್ತಿವೆ ಎಂದೇ ಅರ್ಥ. ಹಿಂದಕ್ಕೆ ಹುಟ್ಟು ಹಾಕಿ. ಹುಟ್ಟನ್ನು ಎತ್ತರಕ್ಕೆ ಎತ್ತಬೇಡಿ, ಒದ್ದೆ ಅಲಗು ಬೆಳಕಿಗೆ ಮಿಂಚಿದರೆ ಬಹಳ ದೂರಕ್ಕೂ ಕಾಣುತ್ತದೆ. ಎಲ್ಲ ಸಲವೂ ನೀವೇ ಕಾರಣ ಆಗಿರುವುದಿಲ್ಲ, ಅದನ್ನೂ ಹೇಳಬೇಕು. ಬಿಳಿ ಹೊಟ್ಟೆಯ ಕಡಲ ಹದ್ದು ಮೇಲೆ ಬಂದರೆ ಸಾಕು, ಅಷ್ಟೂ ಹಕ್ಕಿಗಳು ಏಳುತ್ತವೆ. ಅದನ್ನು 2023ರಲ್ಲಿ ನಮ್ಮ ಕಾಸರಗೋಡಿನ ಜಿಲ್ಲಾ ಪಕ್ಷಿ ಎಂದು ಘೋಷಿಸಿದ್ದಾರಲ್ಲ, ಕೇರಳದಲ್ಲಿ ಹೀಗೆ ತನ್ನದೇ ಹಕ್ಕಿ, ಮರ, ಹೂವು ಆರಿಸಿಕೊಂಡ ಮೊದಲ ಜಿಲ್ಲೆ ನಮ್ಮದು.

ಆಟೋಫೋಕಸಿಗೆ ಸಹಾಯ ಮಾಡುವ ಆ ಸಣ್ಣ ದೀಪವನ್ನು ಆರಿಸಿಡಿ, ಫ್ಲ್ಯಾಶು ಬೇಡವೇ ಬೇಡ.

---

ಕುಂಬ್ಳೆಕೂಸು ಬರೆದದ್ದು:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಕಡವಿನಮನೆ ಅಣ್ಣ, ಪಟ್ಟಿ ನೋಡಿದೆ. ಬರುವ ವಾರದಲ್ಲಿ ನೀವು ಹೇಳಿದಂಥ ಸಂಜೆಗಳು ಸಿಗುತ್ತವೆ. ದಿಬ್ಬದ ಬದಿಯಿಂದ ಮೂಡಣಕ್ಕೆ ತಿರುಗಿ ತೆಗೆಯುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಹೊತ್ತು ಮುಳುಗುವುದನ್ನು ನೋಡುತ್ತ ಕೂರುವುದೇ ಅಭ್ಯಾಸ ಆಗಿತ್ತು.

ಹಕ್ಕಿಲೆಕ್ಕ ಅಕ್ಕ, ನಿಮಗೆ ಒಂದು ಪ್ರಶ್ನೆ. ಮಬ್ಬು ಬೆಳಕಿನಲ್ಲಿ ಬಣ್ಣ ತಿಳಿಯದಿದ್ದಾಗ ಹಕ್ಕಿ ಯಾವುದೆಂದು ಗುರುತಿಸುವುದು ಹೇಗೆ? ನನ್ನ ಹತ್ತಿರ ಇರುವ ಪಟಗಳಲ್ಲಿ ಅರ್ಧದಷ್ಟಕ್ಕೆ ಹೆಸರೇ ಇಲ್ಲ. ಇಂಥ ಪಟಗಳಿಂದ ಯಾರಿಗಾದರೂ ಉಪಯೋಗ ಉಂಟಾ? ಶಾಲೆಯ ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ, ಹೆಸರು ತಪ್ಪು ಹೇಳಲು ಮನಸ್ಸಿಲ್ಲ.

---

ಹಕ್ಕಿಲೆಕ್ಕ ಬರೆದದ್ದು:

ಖಂಡಿತ ಉಂಟು. ಹಾರುವಾಗಿನ ಪಟ ಅಲುಗಿದ್ದರೂ ಅಳಿಸಬೇಡಿ. ಗ್ರೇ ಪ್ಲವರ್ ರೆಕ್ಕೆ ಎತ್ತಿದರೆ ಕಂಕುಳಲ್ಲಿ ಕಪ್ಪು ಮಚ್ಚೆ ಕಾಣುತ್ತದೆ, ಬೇರೆ ಯಾವ ಪ್ಲವರಿಗೂ ಹಾಗಿಲ್ಲ. ರೆಡ್‌ಶ್ಯಾಂಕಿಗೆ ರೆಕ್ಕೆಯ ಹಿಂದಿನ ಅಂಚು ಉದ್ದಕ್ಕೂ ಬಿಳಿ, ಗ್ರೀನ್‌ಶ್ಯಾಂಕಿಗೆ ರೆಕ್ಕೆ ಪೂರ್ತಿ ಕಪ್ಪು, ಬೆನ್ನಿನ ಮೇಲೆ ಉದ್ದನೆಯ ಬಿಳಿ ತ್ರಿಕೋನ. ಕರ್ಲ್ಯೂ ಮತ್ತು ವಿಂಬ್ರೆಲ್ ಆಕೃತಿ ಮಾತ್ರ ಕಂಡರೂ ಕೊಕ್ಕು ನೋಡಿ. ಕರ್ಲ್ಯೂವಿನದ್ದು ತಲೆಯ ಎರಡು ಮೂರು ಪಟ್ಟು ಉದ್ದ, ಬಾಗು ಬುಡದಿಂದಲೇ ನಿಧಾನ. ವಿಂಬ್ರೆಲ್ಲಿನದ್ದು ಗಿಡ್ಡ, ತುದಿಯ ಹತ್ತಿರ ಒಮ್ಮೆಲೇ ಬಾಗುತ್ತದೆ. ರೀಫ್ ಹೆರಾನಿನ ಕಪ್ಪು ಬಗೆಗೆ ಗದ್ದದ ಕೆಳಗೆ ಬಿಳಿ ಇರುತ್ತದೆ. ಅದೇ ಹಕ್ಕಿಯಲ್ಲಿ ಪೂರ್ತಿ ಬಿಳಿ ಬಗೆಯೂ ಉಂಟು, ಹಾಗಾಗಿ ಅಳಿವೆಯ ಎಲ್ಲ ಬಿಳಿಯನ್ನೂ ಬೆಳ್ಳಕ್ಕಿ ಎಂದು ಬರೆಯುವ ಮುಂಚೆ ಕೊಕ್ಕು ದಪ್ಪವಾ ಎಂದು ನೋಡಿ.

ಉಪಯೋಗ ಏನು ಎಂದು ಕೇಳಿದಿರಿ. 2024ರ ಅಕ್ಟೋಬರಿನಲ್ಲಿ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪುಪಟ್ಟಿಯನ್ನು ಪರಿಷ್ಕರಿಸಿದಾಗ ಗ್ರೇ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡನ್ನೂ ಅಪಾಯಕ್ಕೆ ಸಿಲುಕಬಹುದಾದವುಗಳ ಸಾಲಿಗೆ ಏರಿಸಿದ್ದಾರೆ. ಎರಡೂ ನಮ್ಮ ಕರಾವಳಿಗೆ ಬರುವ ಹಕ್ಕಿಗಳೇ. ದಿನಾಂಕ, ಹೊತ್ತು, ಜಾಗ, ಭರತವೋ ಇಳಿತವೋ ಇಷ್ಟು ಬರೆದು ಇ-ಬರ್ಡಿಗೆ (ಹಕ್ಕಿ ಕಂಡದ್ದನ್ನು ದಾಖಲಿಸುವ ಜಾಲತಾಣ) ಹಾಕಿ. ನೀರುಹಕ್ಕಿಗಳನ್ನು ಎಣಿಸುವ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಹೊಳೆಯ ಮಧ್ಯದಿಂದ ಎಣಿಸುವವರು ಸಿಕ್ಕರೆ ದಡದಲ್ಲಿ ನಿಂತವರಿಗೆ ಕಾಣದ ಕುದ್ರಿನ ಆ ಬದಿಯ ಲೆಕ್ಕವೂ ಸಿಗುತ್ತದೆ.

ಮತ್ತೊಂದು. ಪಟವನ್ನು ದೊಡ್ಡದು ಮಾಡಿ ನೋಡುವಾಗ ಕಣ್ಣು ಚೂಪಿದೆಯಾ ಎಂದು ನೋಡಿದ ಮೇಲೆ ಕಾಲನ್ನೂ ನೋಡಿ. ಕೆಲವು ಹಕ್ಕಿಗಳ ಕಾಲಿಗೆ ಲೋಹದ ಬಳೆ, ಬಣ್ಣದ ಸಣ್ಣ ಪಟ್ಟಿ ಹಾಕಿರುತ್ತಾರೆ, ಪಟ್ಟಿಯ ಮೇಲೆ ಅಕ್ಷರ, ಅಂಕೆ ಇರುತ್ತದೆ. ಅಂಥದ್ದು ಕಂಡರೆ ಪಟ್ಟಿಯ ಬಣ್ಣ, ಯಾವ ಕಾಲು, ಮೊಣಕಾಲಿನ ಗಂಟಿಗಿಂತ ಮೇಲೋ ಕೆಳಗೋ ಎಂಬುದನ್ನು ಬರೆದು ಪಟದ ಜೊತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿ. ಎಲ್ಲಿ, ಯಾವಾಗ ಹಾಕಿದ್ದು ಎಂದು ಅವರು ತಿಳಿಸುತ್ತಾರೆ. ಹೆಸರಿಲ್ಲದ ಪಟಗಳನ್ನು ಇಲ್ಲೇ ಹಾಕಿ, ಒಂದೊಂದಾಗಿ ನೋಡೋಣ.

---

ಕಡವಿನಮನೆ ಬರೆದದ್ದು:

ಟೀಚರೇ, ಇಳಿಯುವ ಮುಂಚೆ ಎಷ್ಟು ಗಂಟೆಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೋಗಿ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಜಾಕೆಟಿನ ಒಳಗೆ ಇಟ್ಟುಕೊಳ್ಳಿ, ಕಯಾಕಿನಲ್ಲಿ ಅಲ್ಲ. ಮತ್ತೆ ಆ ಬಿದಿರಿನ ಕೋಲು ನಿಮಗೆ ಸಿಗದಿದ್ದರೆ ಹೇಳಿ, ನಮ್ಮಲ್ಲಿ ಹಳೇ ಜಲ್ಲೆಗಳು ಇನ್ನೂ ಉಂಟು, ಒಂದನ್ನು ನಿಮ್ಮ ಅಳತೆಗೆ ಕಡಿದು ಇಡುತ್ತೇನೆ.